ಆಗಸ್ಟಿನಲ್ಲಿ ಹೇಳಿದ ಭವಿಷ್ಯ, ನವೆಂಬರಿನಲ್ಲಿ ಲೆಕ್ಕ: ಎನ್‌ಎಫ್‌ಎಲ್ ಊಹೆಗಳನ್ನು ಅರ್ಧ ಸೀಸನ್‌ನಲ್ಲಿ ತಿರುಗಿ ನೋಡುವುದು ಹೇಗೆ?

ನ್ಯೂಜೆರ್ಸಿಯಲ್ಲಿ ನಾವು ಆರು ಜನ ಕನ್ನಡದವರು. ಪ್ರತಿ ವರ್ಷ ಸೀಸನ್ ಶುರುವಾಗುವ ಮುಂಚೆ, ಆಗಸ್ಟ್ ಮುಗಿಯುವ ಹೊತ್ತಿಗೆ ಬರುವ ಲೇಬರ್ ಡೇ ರಜೆಯಲ್ಲಿ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಬಿಸಿಬೇಳೆಬಾತ್ ಆಗುತ್ತದೆ, ಫಿಲ್ಟರ್ ಕಾಫಿ ಆಗುತ್ತದೆ. ಆಮೇಲೆ ಒಂದೊಂದು ಹಾಳೆ ತಗೊಂಡು ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳ ಭವಿಷ್ಯ ಬರೆಯುತ್ತೇವೆ. ಯಾರು ಎಷ್ಟು ಪಂದ್ಯ ಗೆಲ್ಲುತ್ತಾರೆ, ಯಾರು ಪ್ಲೇಆಫ್‌ಗೆ ಹೋಗುತ್ತಾರೆ, ಫೈನಲ್ ಪಂದ್ಯವಾದ ಸೂಪರ್ ಬೌಲ್ ಯಾರದು. ದುಡ್ಡಿನ ಮಾತಿಲ್ಲ. ಸೋತವರು ಮುಂದಿನ ವರ್ಷ ಅಡುಗೆ ಮಾಡಬೇಕು, ಅಷ್ಟೇ.

2024ರ ನನ್ನ ಹಾಳೆ ನೋಡಿದರೆ ನಿಮಗೆ ನಗು ಬರುತ್ತದೆ. ನ್ಯೂಯಾರ್ಕ್ ಜೆಟ್ಸ್‌ಗೆ 11 ಗೆಲುವು. ವಾಷಿಂಗ್ಟನ್ ಕಮಾಂಡರ್ಸ್‌ಗೆ 5. ಕೊನೆಗೆ ಆಗಿದ್ದೇನು? ಜೆಟ್ಸ್ ಗೆದ್ದದ್ದು 5, ಕಮಾಂಡರ್ಸ್ 12. ಎರಡು ಹೆಸರು ಅದಲುಬದಲು ಮಾಡಿ ಬರೆದಿದ್ದರೆ ಆ ವರ್ಷ ನಾನೇ ರಾಜ.

ಆದರೆ ನನಗೆ ನಿಜವಾಗಿ ಪಾಠ ಕಲಿಸಿದ್ದು ಈ ಎರಡು ತಂಡಗಳಲ್ಲ, ಶಿಕಾಗೊ ಬೇರ್ಸ್. ಅವರಿಗೆ 9 ಗೆಲುವು ಬರೆದಿದ್ದೆ. ನವೆಂಬರ್ ಮೊದಲ ವಾರದಲ್ಲಿ ಹಾಳೆ ತೆಗೆದು ನೋಡಿದಾಗ ಅವರು 8ರಲ್ಲಿ 4 ಗೆದ್ದಿದ್ದರು. "ಸರಿಯಾಗಿದೆ" ಅಂತ ಟಿಕ್ ಹಾಕಿ ಮುಂದೆ ಹೋದೆ. ಉಳಿದ 9ರಲ್ಲಿ ಅವರು ಗೆದ್ದದ್ದು ಒಂದೇ ಒಂದು. ತಪ್ಪಾದ ಊಹೆಗಳನ್ನೆಲ್ಲ ಕೂತು ಕೆದಕಿದ್ದೆ, ಸರಿ ಅಂದುಕೊಂಡದ್ದನ್ನು ಮುಟ್ಟಿಯೂ ನೋಡಿರಲಿಲ್ಲ. ಅರ್ಧ ಸೀಸನ್‌ನ ಲೆಕ್ಕದಲ್ಲಿ ಜನ ಜಾಸ್ತಿ ಎಡವುವುದು ಇಲ್ಲೇ. ಅದಕ್ಕೇ ಕೆಳಗಿನ ಹೆಜ್ಜೆಗಳನ್ನೆಲ್ಲ 2024ರ ಸೀಸನ್ ಇಟ್ಟುಕೊಂಡೇ ಹೇಳುತ್ತೇನೆ.

ಊರಲ್ಲಿ ಫುಟ್‌ಬಾಲ್ ಅಂದರೆ ಕಾಲಲ್ಲಿ ಆಡುವುದು. ಇದು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಒಂದು ತಂಡಕ್ಕೆ 18 ವಾರದಲ್ಲಿ 17 ಪಂದ್ಯ, ಒಂದು ವಾರ ರಜೆ. ತಂಡಗಳು ಎಎಫ್‌ಸಿ, ಎನ್‌ಎಫ್‌ಸಿ ಅಂತ ಎರಡು ಭಾಗ. ಒಂದೊಂದರಲ್ಲೂ ನಾಲ್ಕು ಡಿವಿಷನ್, ಒಂದು ಡಿವಿಷನ್‌ಗೆ ನಾಲ್ಕು ತಂಡ. ಪ್ಲೇಆಫ್‌ಗೆ ಎರಡೂ ಕಡೆಯಿಂದ ಏಳೇಳು. ಇಷ್ಟು ಗೊತ್ತಿದ್ದರೆ ಸಾಕು.

ಹೆಜ್ಜೆ 1: ಹಳೆ ಹಾಳೆಯನ್ನು ಹಾಗೇ ತೆಗೆಯಿರಿ

ಮೊದಲ ನಿಯಮ, ಆಗಸ್ಟಿನಲ್ಲಿ ಬರೆದದ್ದನ್ನು ತಿದ್ದುವ ಹಾಗಿಲ್ಲ. ನೆನಪಿನಿಂದ ಹೇಳುವ ಹಾಗೂ ಇಲ್ಲ. ನೆನಪು ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ. "ನಾನು ಅವತ್ತೇ ಹೇಳಿದ್ದೆ ಕಣೋ, ಜೆಟ್ಸ್ ಮೇಲೆ ನಂಬಿಕೆ ಇಲ್ಲ ಅಂತ" ಎಂದು ನಮ್ಮ ಗುಂಪಿನ ಮೈಸೂರಿನವನು ನವೆಂಬರಿನಲ್ಲಿ ಹೇಳಿದ. ಅವನ ಹಾಳೆಯಲ್ಲಿ ಜೆಟ್ಸ್‌ಗೆ 12 ಇತ್ತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋದು ಇದಕ್ಕೇ.

ಹಾಳೆ ಇಲ್ಲದಿದ್ದರೆ ವಾಟ್ಸಾಪ್ ಗುಂಪಿನಲ್ಲಿ ಹುಡುಕಿ. ತಂಡದ ಹೆಸರು ಹಾಕಿದರೆ ಆಗಸ್ಟಿನ ಮೆಸೇಜುಗಳು ಸಿಗುತ್ತವೆ. ತಾರೀಕಿನ ಸಮೇತ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಈಗ ಒಂದು ಸಣ್ಣ ಪರೀಕ್ಷೆ. ನೀವು 32 ತಂಡಗಳಿಗೂ ಕೊಟ್ಟ ಗೆಲುವುಗಳನ್ನು ಕೂಡಿ. ಮೊತ್ತ 272 ಬರಬೇಕು. ಯಾಕೆಂದರೆ ಇಡೀ ಸೀಸನ್‌ನಲ್ಲಿ ಇರುವುದೇ 272 ಪಂದ್ಯ. ಅಪರೂಪಕ್ಕೆ ಆಗುವ ಟೈ ಬಿಟ್ಟರೆ ಒಂದು ಪಂದ್ಯಕ್ಕೆ ಒಂದೇ ಗೆಲುವು. ನಾನು ಮೊದಲ ವರ್ಷ ಕೂಡಿದಾಗ 290 ದಾಟಿತ್ತು. ಎಲ್ಲರ ಮೇಲೂ ಪ್ರೀತಿ ಜಾಸ್ತಿಯಾಗಿತ್ತು! ನಿಮ್ಮದೂ ಹೀಗೆ ಉಕ್ಕಿದ್ದರೆ ತಪ್ಪು ಯಾವುದೋ ಒಂದು ತಂಡದಲ್ಲಿಲ್ಲ, ನಿಮ್ಮ ಕೈಯಲ್ಲೇ ಇದೆ. ಅದನ್ನು ಈಗಲೇ ಬರೆದಿಟ್ಟುಕೊಳ್ಳಿ.

ಹೆಜ್ಜೆ 2: ಯಾವತ್ತು ಕೂರಬೇಕು?

17 ಪಂದ್ಯಕ್ಕೆ ಸರಿಯಾದ ಮಧ್ಯ ಇಲ್ಲ. ರಜೆ ವಾರ ಒಬ್ಬೊಬ್ಬರಿಗೆ ಒಂದೊಂದು ಕಡೆ ಬರುವುದರಿಂದ ಕೆಲವರು 8 ಆಡಿರುತ್ತಾರೆ, ಕೆಲವರು 9. ನಾನು 9ನೇ ವಾರ ಮುಗಿದ ಮೇಲೆ ಕೂರುತ್ತೇನೆ. 2024ರಲ್ಲಿ ಅದು ನವೆಂಬರ್ 4, ಸೋಮವಾರ ರಾತ್ರಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಮಾರನೇ ದಿನ, ನವೆಂಬರ್ 5ಕ್ಕೆ, ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಗಡುವು ಮುಗಿಯಿತು. ಅದಾದ ಮೇಲೆ ಒಂದು ತಂಡದಿಂದ ಇನ್ನೊಂದಕ್ಕೆ ಹೊಸ ಸ್ಟಾರ್ ಬಂದು ಎಲ್ಲವನ್ನೂ ತಲೆಕೆಳಗು ಮಾಡುವ ಸಾಧ್ಯತೆ ಕಡಿಮೆ. ಗಡುವು ಮುಗಿದ ಮರುದಿನ, ಬುಧವಾರ ಸಂಜೆ ಕೂತರೆ ಇನ್ನೂ ಒಳ್ಳೆಯದು.

ಇದಕ್ಕಿಂತ ಬೇಗ ಬೇಡ. 2024ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಮೊದಲ ಎರಡು ಪಂದ್ಯವನ್ನು 47–10 ಮತ್ತು 44–19ರಿಂದ ಗೆದ್ದಿತು. ಎರಡೇ ವಾರದಲ್ಲಿ ಜನ ಅವರನ್ನು ಆಕಾಶಕ್ಕೆ ಏರಿಸಿದರು. ಕೂಸು ಹುಟ್ಟುವ ಮುಂಚೆಯೇ ಕುಲಾವಿ. ಮುಂದಿನ ಏಳು ಪಂದ್ಯ ಸಾಲಾಗಿ ಸೋತರು. 9ನೇ ವಾರದ ಸೋಲಿನ ಮರುದಿನವೇ ಕೋಚ್ ಡೆನಿಸ್ ಅಲೆನ್ ಕೆಲಸ ಹೋಯಿತು.

ಹೆಜ್ಜೆ 3: ಗತಿ ಲೆಕ್ಕ ಹಾಕಿ

ನೀವು ಕೊಟ್ಟ ಗೆಲುವುಗಳನ್ನು 17ರಿಂದ ಭಾಗಿಸಿ, ಇಲ್ಲಿಯವರೆಗೆ ಆಡಿದ ಪಂದ್ಯಗಳಿಂದ ಗುಣಿಸಿ. ನಿಮ್ಮ ಊಹೆಯ ಪ್ರಕಾರ ಈ ಹೊತ್ತಿಗೆ ಎಷ್ಟು ಗೆದ್ದಿರಬೇಕಿತ್ತು ಎನ್ನುವುದು ಬರುತ್ತದೆ. ನನ್ನ 2024ರ ಲೆಕ್ಕ ಹೀಗಿತ್ತು.

ಜೆಟ್ಸ್: 11 ಬರೆದಿದ್ದೆ, 9 ಪಂದ್ಯಕ್ಕೆ 5.8 ಆಗಬೇಕು, ಆಗಿದ್ದು 3.
ಕಮಾಂಡರ್ಸ್: 5 ಬರೆದಿದ್ದೆ, 9 ಪಂದ್ಯಕ್ಕೆ 2.6 ಆಗಬೇಕು, ಆಗಿದ್ದು 7.
ಬೇರ್ಸ್: 9 ಬರೆದಿದ್ದೆ, 8 ಪಂದ್ಯಕ್ಕೆ 4.2 ಆಗಬೇಕು, ಆಗಿದ್ದು 4.
ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್: 12 ಬರೆದಿದ್ದೆ, 8 ಪಂದ್ಯಕ್ಕೆ 5.6 ಆಗಬೇಕು, ಆಗಿದ್ದು 4.

ಎಷ್ಟು ವ್ಯತ್ಯಾಸ ಬಂದರೆ ಗಾಬರಿಯಾಗಬೇಕು? ಒಂಬತ್ತು ಸಲ ನಾಣ್ಯ ಚಿಮ್ಮಿ ನೋಡಿ. ನಾಲ್ಕೂವರೆ ಸಲ ತಲೆ ಬೀಳಬೇಕು ಅಂತ ಲೆಕ್ಕ ಹೇಳುತ್ತದೆ. ಆದರೆ ಸುಮ್ನೆ ಅದೃಷ್ಟದಿಂದಲೇ ಅದು ಒಂದೂವರೆಯಷ್ಟು ಆಚೀಚೆ ಆಗುವುದು ಮಾಮೂಲು. ಹಾಗಾಗಿ ಒಂದೂವರೆ ಗೆಲುವಿನ ಒಳಗಿನ ವ್ಯತ್ಯಾಸಕ್ಕೆ ಮೈ ಪರಚಿಕೊಳ್ಳಬೇಡಿ. ಮೂರು ದಾಟಿದರೆ ಏನೋ ಇದೆ ಅಂತ ಅರ್ಥ. ಕಮಾಂಡರ್ಸ್‌ದು 4.4. ಅಲ್ಲಿ ನಾನು ಏನನ್ನೋ ಪೂರ್ತಿ ಬಿಟ್ಟಿದ್ದೆ.

ಒಟ್ಟು ಹೇಗೆ ಮಾಡಿದ್ದೀರಿ ಅಂತ ತಿಳಿಯಲು 32 ವ್ಯತ್ಯಾಸಗಳನ್ನೂ ಕೂಡಿ, ಪ್ಲಸ್ ಮೈನಸ್ ನೋಡಬೇಡಿ. ಪಕ್ಕದಲ್ಲಿ ಒಬ್ಬ ಸೋಮಾರಿಯ ಹಾಳೆ ಇಡಿ. ಅವನು ಎಲ್ಲ ತಂಡಕ್ಕೂ 8.5 ಗೆಲುವು ಬರೆದಿದ್ದಾನೆ. ಅವನ ತಪ್ಪಿನ ಮೊತ್ತವನ್ನೂ ಹೀಗೇ ತೆಗೆಯಿರಿ. ಎರಡು ತಿಂಗಳು ಯೂಟ್ಯೂಬ್ ನೋಡಿ, ಪಾಡ್‌ಕಾಸ್ಟ್ ಕೇಳಿ ಬರೆದ ನಿಮ್ಮ ಹಾಳೆ ಆ ಸೋಮಾರಿಗೆ ಸೋತಿದ್ದರೆ ಬೇಜಾರಾಗುತ್ತದೆ. ನಮ್ಮ ಆರು ಜನರಲ್ಲಿ ಇಬ್ಬರು ಒಂದು ವರ್ಷ ಸೋತಿದ್ದೇವೆ. ಆ ಇನ್ನೊಬ್ಬರು ಯಾರು ಅಂತ ಹೇಳುವುದಿಲ್ಲ.

ಹೆಜ್ಜೆ 4: ಫಲ ಬಿಡಿ, ಕಾರಣ ನೋಡಿ

ಇದೇ ಮುಖ್ಯ. ನಿಧಾನವಾಗಿ ಓದಿ.

ಪ್ರತಿ ಊಹೆಯ ಹಿಂದೆ ಒಂದು ಕಾರಣ ಇರುತ್ತದೆ. ಆಗಸ್ಟಿನಲ್ಲೇ ಅದನ್ನು ಒಂದು ಸಾಲಿನಲ್ಲಿ ಬರೆದಿಟ್ಟಿದ್ದರೆ ನಿಮ್ಮ ಕೆಲಸ ಸುಲಭ. ಬರೆಯದಿದ್ದರೆ ಈಗ ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಿ, ಪಕ್ಕದಲ್ಲಿದ್ದ ಗೆಳೆಯರನ್ನು ಕೇಳಿ. ಅವರಿಗೆ ನಮ್ಮ ಮಾತು ನಮಗಿಂತ ಚೆನ್ನಾಗಿ ನೆನಪಿರುತ್ತದೆ.

ಜೆಟ್ಸ್ ಬಗ್ಗೆ ನನ್ನ ಕಾರಣ ಹೀಗಿತ್ತು: "ಆರನ್ ರಾಜರ್ಸ್ ವಾಪಸ್ ಬಂದಿದ್ದಾರೆ, ಡಿಫೆನ್ಸ್ ಗಟ್ಟಿ." ರಾಜರ್ಸ್ ಜೆಟ್ಸ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವರು. ಡಿಫೆನ್ಸ್ ಅಂದರೆ ಎದುರಾಳಿಯನ್ನು ತಡೆಯುವ ಪಡೆ. 2023ರ ಸೆಪ್ಟೆಂಬರ್ 11ರಂದು ಜೆಟ್ಸ್ ಪರ ಮೊದಲ ಪಂದ್ಯದ ನಾಲ್ಕನೇ ಸ್ನ್ಯಾಪ್‌ಗೇ, ಅಂದರೆ ನಾಲ್ಕನೇ ಸಲ ಚೆಂಡು ಆಟಕ್ಕೆ ಬಂದಾಗಲೇ, ಅವರ ಹಿಮ್ಮಡಿಯ ಸ್ನಾಯುರಜ್ಜು, ಅಕಿಲೀಸ್, ಹರಿದಿತ್ತು. ಆ ಇಡೀ ವರ್ಷ ಹಾಳಾಯಿತು. 2024ರಲ್ಲಿ ಆಡಿದರೆ ಸಾಕು ಅಂದುಕೊಂಡೆ. ಅವರು ಆಡಿದರು. ಎಲ್ಲ ಪಂದ್ಯವನ್ನೂ ಆಡಿದರು. ಅಂದರೆ ನನ್ನ ಕಾರಣದ ಅರ್ಧ ನಿಜವಾಯಿತು, ಆದರೂ ತಂಡ ಸೋತಿತು. 40 ದಾಟಿ, ಅಂಥ ಗಾಯದಿಂದ ಎದ್ದು ಬಂದ ಕ್ವಾರ್ಟರ್‌ಬ್ಯಾಕ್ ಹಳೆಯ ರಾಜರ್ಸ್ ಆಗಿರುವುದಿಲ್ಲ ಎನ್ನುವುದು ನನ್ನ ತಲೆಗೆ ಬಂದಿರಲಿಲ್ಲ. ಐದೇ ಪಂದ್ಯ ಮುಗಿದಾಗ, ಅಕ್ಟೋಬರ್ 8ಕ್ಕೆ, ಕೋಚ್ ರಾಬರ್ಟ್ ಸಾಲೆಯವರನ್ನು ತೆಗೆದರು. ಹೀಗೆ ಕಾರಣ ನಡೆದೂ ಫಲ ಬಾರದಿದ್ದರೆ ಊಹೆಯನ್ನು ಜೋರಾಗಿ ಇಳಿಸಬೇಕು. ಕಾಯಲು ಇನ್ನೇನೂ ಉಳಿದಿಲ್ಲವಲ್ಲ.

ಕಮಾಂಡರ್ಸ್ ಬಗ್ಗೆ ನನ್ನ ಕಾರಣ: "ಹೋದ ವರ್ಷ 4–13, ಹೊಸ ಕೋಚ್, ಹೊಸ ಹುಡುಗ." 4–13 ಅಂದರೆ 4 ಗೆಲುವು, 13 ಸೋಲು. ಆ ಹೊಸ ಹುಡುಗ ಜೇಡನ್ ಡ್ಯಾನಿಯಲ್ಸ್. ಹೊಸ ಕ್ವಾರ್ಟರ್‌ಬ್ಯಾಕ್ ಒಂದೇ ವರ್ಷದಲ್ಲಿ ತಂಡವನ್ನು ಎತ್ತಿ ನಿಲ್ಲಿಸಬಹುದು ಎನ್ನುವುದಕ್ಕೆ ಹಿಂದಿನ ವರ್ಷವೇ ಉದಾಹರಣೆ ಇತ್ತು. ಹೂಸ್ಟನ್ ಟೆಕ್ಸನ್ಸ್ 2022ರಲ್ಲಿ ಗೆದ್ದದ್ದು ಮೂರು. 2023ರಲ್ಲಿ ಸಿ.ಜೆ. ಸ್ಟ್ರೌಡ್ ಬಂದ ಮೇಲೆ ಹತ್ತು ಗೆದ್ದು ಡಿವಿಷನ್ ಹೊಡೆದರು. ಕಣ್ಣ ಮುಂದೆ ಇದ್ದದ್ದನ್ನೇ ನಾನು ನೋಡಲಿಲ್ಲ. ಇಲ್ಲಿ ಕಾರಣವೇ ತಪ್ಪು. ಇಂಥ ಊಹೆಯನ್ನು ಹಿಡಿದುಕೊಂಡು ಕೂರಬಾರದು.

ಮಿನೆಸೋಟ ವೈಕಿಂಗ್ಸ್ ಕಥೆ ಬೇರೆ. ಆಗಸ್ಟಿನಲ್ಲೇ ಅವರ ಹೊಸ ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ತಿಗೆ ಮಂಡಿ ಗಾಯ. ಸೀಸನ್ ಮುಗೀತು ಅಂತ ನಮ್ಮಲ್ಲಿ ನಾಲ್ಕು ಜನ ಕಡಿಮೆ ಬರೆದರು. ಬದಲಿಗೆ ಆಡಿದ ಸ್ಯಾಮ್ ಡಾರ್ನಾಲ್ಡ್ ತಂಡವನ್ನು 14–3ಕ್ಕೆ ಒಯ್ದರು. ಗಾಯ ನಿಜ, ಅದರಿಂದ ತೆಗೆದ ತೀರ್ಮಾನ ಸುಳ್ಳು.

ಎಲ್ಲಕ್ಕಿಂತ ಮೋಸದ್ದು, ತಪ್ಪು ಕಾರಣಕ್ಕೆ ಸರಿಯಾದ ಊಹೆ. ಸೇಂಟ್ಸ್‌ಗೆ ನಾನು 6 ಬರೆದಿದ್ದೆ. ಅವರು 2–7 ಆದಾಗ ಕಾಲರ್ ಎತ್ತಿಕೊಂಡು ಓಡಾಡಿದೆ. ನನ್ನ ಕಾರಣ ಏನಿತ್ತು? "ಡಿಫೆನ್ಸ್‌ನವರಿಗೆ ವಯಸ್ಸಾಯಿತು." ನಿಜವಾಗಿ ಹೊಡೆತ ಬಿದ್ದದ್ದು ಪಾಯಿಂಟು ಗಳಿಸುವ ಪಡೆಗೆ, ಅಂದರೆ ಆಫೆನ್ಸ್‌ಗೆ. ಮೂರನೇ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಕೊಡುವ ಸೆಂಟರ್ ಎರಿಕ್ ಮೆಕಾಯ್‌ಗೆ ಗಾಯ, ಐದನೆಯದರಲ್ಲಿ ಕ್ವಾರ್ಟರ್‌ಬ್ಯಾಕ್ ಡೆರಿಕ್ ಕಾರ್‌ಗೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಇಂಥ ಊಹೆಗೆ ಅಂಕ ಕೊಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಅದರ ಪಕ್ಕ ಒಂದು ಕಾಗೆ ಚಿತ್ರ ಬರೆದಿಡಿ. ನಾನು ಹಾಗೇ ಮಾಡುತ್ತೇನೆ. ಒಂದು ಹಾಳೆಯಲ್ಲಿ ಕಾಗೆ ಜಾಸ್ತಿಯಾದರೆ ಮುಂದಿನ ಅರ್ಧಕ್ಕೆ ನಿಮ್ಮ ಮೇಲೆ ನಿಮಗೆ ನಂಬಿಕೆ ಸ್ವಲ್ಪ ಕಡಿಮೆ ಇರಲಿ.

ಹೆಜ್ಜೆ 5: ಗೆಲುವಿನ ಒಳಗೆ ಏನಿದೆ ನೋಡಿ

ಕ್ರಿಕೆಟ್ ನೋಡುವವರಿಗೆ ನೆಟ್ ರನ್ ರೇಟ್ ಗೊತ್ತು. ಎರಡು ತಂಡ ಒಂದೇ ಅಂಕದಲ್ಲಿದ್ದರೂ ಒಬ್ಬರು ಒದ್ದಾಡಿ ಗೆದ್ದಿರುತ್ತಾರೆ, ಇನ್ನೊಬ್ಬರು ಚಚ್ಚಿ ಗೆದ್ದಿರುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಅದೇ ಕೆಲಸ ಮಾಡುವುದು ಪಾಯಿಂಟ್ ವ್ಯತ್ಯಾಸ. ಗಳಿಸಿದ ಪಾಯಿಂಟು, ಬಿಟ್ಟುಕೊಟ್ಟ ಪಾಯಿಂಟು ಎರಡನ್ನೂ ಎಲ್ಲ ಸ್ಟ್ಯಾಂಡಿಂಗ್ಸ್ ಪಟ್ಟಿಯಲ್ಲೂ ಕೊಟ್ಟಿರುತ್ತಾರೆ.

ಇದರಿಂದ ಗೆಲುವಿನ ಪ್ರಮಾಣ ತೆಗೆಯುವ ಒಂದು ಸೂತ್ರ ಇದೆ. ಬೇಸ್‌ಬಾಲ್‌ನಲ್ಲಿ ಬಿಲ್ ಜೇಮ್ಸ್ ಶುರು ಮಾಡಿದ್ದು. ಫುಟ್‌ಬಾಲ್‌ಗೆ ಘಾತ 2.37 ಬಳಸುತ್ತಾರೆ. ಗಳಿಸಿದ ಪಾಯಿಂಟಿಗೆ 2.37 ಘಾತ ಹಾಕಿ, ಬಿಟ್ಟುಕೊಟ್ಟದ್ದಕ್ಕೂ ಅದನ್ನೇ ಹಾಕಿ. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿ. ಫೋನಿನ ಕ್ಯಾಲ್ಕುಲೇಟರ್ ಅಡ್ಡ ತಿರುಗಿಸಿದರೆ ಘಾತದ ಬಟನ್ ಬರುತ್ತದೆ.

2022ರ ವೈಕಿಂಗ್ಸ್‌ಗೆ ಹಾಕಿ ನೋಡೋಣ. ಗಳಿಸಿದ್ದು 424, ಬಿಟ್ಟದ್ದು 427. ಸೂತ್ರದ ಪ್ರಕಾರ 17ರಲ್ಲಿ 8.4 ಗೆಲ್ಲಬೇಕಿತ್ತು. ಗೆದ್ದದ್ದು 13! ಒಂದು ಸ್ಕೋರ್ ಅಂತರದ, ಅಂದರೆ 8 ಪಾಯಿಂಟ್ ಒಳಗಿನ ಪಂದ್ಯಗಳನ್ನು ಅವರು 11ಕ್ಕೆ 11 ಗೆದ್ದಿದ್ದರು. ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ನ್ಯೂಯಾರ್ಕ್ ಜೈಂಟ್ಸ್ ಎದುರು 31–24ರಿಂದ ಸೋತರು. ಮುಂದಿನ ವರ್ಷ 7–10. ಕೂದಲೆಳೆಯಲ್ಲಿ ಗೆಲ್ಲುವುದು ಅಭ್ಯಾಸ ಅಲ್ಲ, ಹೆಚ್ಚಿನ ಪಾಲು ಅದೃಷ್ಟ. ನೆಲಕ್ಕೆ ಬಿದ್ದ ಚೆಂಡು, ಅಂದರೆ ಫಂಬಲ್, ಯಾರ ಕೈಗೆ ಸಿಗುತ್ತದೆ ಎನ್ನುವುದೂ ಹೀಗೇ, ಹೆಚ್ಚು ಕಡಿಮೆ ನಾಣ್ಯ ಚಿಮ್ಮಿದ ಹಾಗೆ.

ಹಾಗಂತ ಸೂತ್ರವನ್ನು ಕಣ್ಣು ಮುಚ್ಚಿ ನಂಬಬೇಡಿ. 2024ರ ಕ್ಯಾನ್ಸಸ್ ಸಿಟಿ ಚೀಫ್ಸ್ 385 ಗಳಿಸಿ 326 ಬಿಟ್ಟರು. ಸೂತ್ರ 10 ಗೆಲುವು ಅನ್ನುತ್ತದೆ, ಅವರು 15 ಗೆದ್ದರು. ಇಲ್ಲೂ ಅದೃಷ್ಟ ಇತ್ತು, ಸರಿ. ಆದರೆ ಕೊನೆಯ ವಾರ ಅವರ ಜಾಗ ಆಗಲೇ ಗಟ್ಟಿಯಾಗಿತ್ತು. ಮುಖ್ಯ ಆಟಗಾರರನ್ನು ಕೂರಿಸಿ ಡೆನ್ವರ್ ಬ್ರಾಂಕೋಸ್ ಎದುರು 38–0ರಿಂದ ಸೋತರು. ಆ ಒಂದು ಪಂದ್ಯ ಪಟ್ಟಿಯನ್ನೇ ಕೆಡಿಸಿತು. ಅದನ್ನು ಬಿಟ್ಟು ಲೆಕ್ಕ ಹಾಕಿದರೆ 16ರಲ್ಲಿ 10.6 ಬರುತ್ತದೆ. ಈ 38–0 ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಮ್ಮೆ ಬರುತ್ತದೆ.

ಈಗ ನನ್ನ ಬೇರ್ಸ್. 8 ಪಂದ್ಯದಲ್ಲಿ 172 ಗಳಿಸಿ 148 ಬಿಟ್ಟಿದ್ದರು. ಪ್ಲಸ್ 24. ನೋಡಲು ಚೆನ್ನಾಗಿದೆ, ಅಲ್ವಾ? ಬಿಡಿಸಿ ನೋಡಿ. ಕ್ಯಾರೊಲೈನ ಪ್ಯಾಂಥರ್ಸ್ ಎದುರು 36–10, ಲಂಡನ್‌ನಲ್ಲಿ ಜಾಕ್ಸನ್‌ವಿಲ್ ಜಾಗ್ವಾರ್ಸ್ ಎದುರು 35–16. ಇವೆರಡೇ ಪ್ಲಸ್ 45. ಉಳಿದ ಆರು ಪಂದ್ಯ ಸೇರಿ ಮೈನಸ್ 21. ಆ ವರ್ಷ ಪ್ಯಾಂಥರ್ಸ್ 5–12, ಜಾಗ್ವಾರ್ಸ್ 4–13. ಬಡಪಾಯಿಗಳನ್ನು ಬಡಿದು ತಂದ ಪಾಯಿಂಟು ಅದು. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು ಅನ್ನುತ್ತಾರೆ. ಇಲ್ಲಿ ಸಾಲದು, ಎಲ್ಲ ಅಗುಳನ್ನೂ ಹಿಚುಕಬೇಕು.

ಹೆಜ್ಜೆ 6: ಮುಂದಿನ ಕ್ಯಾಲೆಂಡರ್ ತೆಗೆಯಿರಿ

ಆರೂ ಜನ ಇದನ್ನು ಮರೆತಿದ್ದೆವು. ಹತ್ತು ನಿಮಿಷದ ಕೆಲಸ.

ಪ್ರತಿ ತಂಡ ತನ್ನ ಡಿವಿಷನ್‌ನ ಉಳಿದ ಮೂವರೊಂದಿಗೆ ಎರಡೆರಡು ಸಲ ಆಡುತ್ತದೆ. ಒಟ್ಟು ಆರು ಪಂದ್ಯ. ಬೇರ್ಸ್ 9ನೇ ವಾರದವರೆಗೆ ಇದರಲ್ಲಿ ಒಂದನ್ನೂ ಆಡಿರಲಿಲ್ಲ. ಆರೂ ಮುಂದೆಯೇ ಇದ್ದವು. ಆ ಹೊತ್ತಿಗೆ ಅದೇ ಡಿವಿಷನ್‌ನಲ್ಲಿ ಡೆಟ್ರಾಯಿಟ್ ಲಯನ್ಸ್ 7–1, ವೈಕಿಂಗ್ಸ್ 6–2, ಗ್ರೀನ್ ಬೇ ಪ್ಯಾಕರ್ಸ್ 6–3. ಇಷ್ಟು ಕಣ್ಣಿಗೆ ಬಿದ್ದಿದ್ದರೆ ಆ ಟಿಕ್ ಹಾಕುತ್ತಿದ್ದೆನಾ? ಮುಂದೆ ಪ್ಯಾಕರ್ಸ್ ಎದುರು 20–19, ವೈಕಿಂಗ್ಸ್ ಎದುರು 30–27, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಲಯನ್ಸ್ ಎದುರು 23–20. ಮೂರೂ ಮೂರೇ ಪಾಯಿಂಟಿನ ಒಳಗಿನ ಸೋಲು. ಥ್ಯಾಂಕ್ಸ್‌ಗಿವಿಂಗ್ ಮಾರನೇ ದಿನ ಕೋಚ್ ಮ್ಯಾಟ್ ಎಬರ್‌ಫ್ಲಸ್ ಮನೆಗೆ.

ಅದಕ್ಕೂ ಮೊದಲು ಅಕ್ಟೋಬರ್ 27ರಂದು ಇನ್ನೊಂದು ನಡೆದಿತ್ತು. ಕಮಾಂಡರ್ಸ್ ಎದುರು ಬೇರ್ಸ್ ಗೆದ್ದೇಬಿಟ್ಟರು ಅನ್ನುವಾಗ ಡ್ಯಾನಿಯಲ್ಸ್ ಕೊನೆಯ ಎಸೆತದಲ್ಲಿ ಚೆಂಡನ್ನು ಮುಗಿಲಿಗೆ ಎಸೆದರು. ಗುಂಪಿನಲ್ಲಿ ಯಾರದೋ ಕೈಗೆ ತಗುಲಿ, ಚಿಮ್ಮಿ, ಕಮಾಂಡರ್ಸ್‌ನ ನೋವಾ ಬ್ರೌನ್ ಕೈಗೆ ಬಿತ್ತು. 18–15. ಚೆಂಡು ಒಂದು ಗೇಣು ಆಚೆ ಹೋಗಿದ್ದರೆ ಬೇರ್ಸ್ 5–2, ಕಮಾಂಡರ್ಸ್ 5–3. ಅಂಥದ್ದೊಂದು ಪಂದ್ಯ ನಿಮ್ಮ ಲೆಕ್ಕದಲ್ಲಿ ಇದ್ದರೆ ಎರಡೂ ತಂಡಕ್ಕೆ ಅರ್ಧ ಅರ್ಧ ಗೆಲುವು ಕೊಟ್ಟು ಒಮ್ಮೆ ನೋಡಿ.

ಕ್ಯಾಲೆಂಡರ್ ಓದುವಾಗ ಎದುರಾಳಿಯ ಹೆಸರು ನೋಡಬೇಡಿ, ಈಗಿನ ಸ್ಥಿತಿ ನೋಡಿ. ಆಗಸ್ಟಿನಲ್ಲಿ ಕಮಾಂಡರ್ಸ್ ಪಂದ್ಯವನ್ನು ಎಲ್ಲರೂ ಸುಲಭದ್ದು ಅಂತ ಎಣಿಸಿದ್ದರು.

ಹೆಜ್ಜೆ 7: ಗಾಯದ ಪಟ್ಟಿ

ಇದಕ್ಕೆ ಜಾಸ್ತಿ ಹೇಳಬೇಕಿಲ್ಲ. ಕ್ವಾರ್ಟರ್‌ಬ್ಯಾಕ್ ಹೋದರೆ ಊಹೆಯೇ ಹೊಸದಾಗಿ ಬರೆಯಬೇಕು, ಉಳಿದವರು ಹೋದರೆ ಸ್ವಲ್ಪ ತಿದ್ದಿದರೆ ಸಾಕು. 9ನೇ ವಾರ ಡಲ್ಲಸ್ ಕೌಬಾಯ್ಸ್‌ನ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್‌ಗೆ ತೊಡೆಯ ಹಿಂಭಾಗದ ಗಾಯವಾಯಿತು, ಆ ವರ್ಷ ಮತ್ತೆ ಆಡಲಿಲ್ಲ. ಅವತ್ತೇ ಅವರ ಪ್ಲೇಆಫ್ ಕನಸನ್ನು ಅಳಿಸಬಹುದಿತ್ತು.

ಆದರೆ ಗಾಯಗಳು ಒಂದೇ ತಂಡದಲ್ಲಿ ರಾಶಿ ಬಿದ್ದರೆ ಹುಷಾರು. ಫಾರ್ಟಿನೈನರ್ಸ್‌ನಲ್ಲಿ ಚೆಂಡು ಹಿಡಿದು ಓಡುವ ಕ್ರಿಶ್ಚಿಯನ್ ಮೆಕ್ಯಾಫ್ರಿ ಮೊದಲ ಎಂಟು ಪಂದ್ಯ ಆಡಲಿಲ್ಲ. ಅಕ್ಟೋಬರಿನಲ್ಲಿ ಎಸೆದ ಚೆಂಡು ಹಿಡಿಯುವ ಬ್ರ್ಯಾಂಡನ್ ಅಯ್ಯೂಕ್ ಮಂಡಿ ಹೋಯಿತು. "ಮೆಕ್ಯಾಫ್ರಿ ಬರಲಿ, ನೋಡ್ತಾ ಇರಿ" ಅಂತ ನಾನು 4–4ರಲ್ಲೂ ಬಿಡಲಿಲ್ಲ. ಬಂದರು, ನಾಲ್ಕನೇ ಪಂದ್ಯಕ್ಕೆ ಮತ್ತೆ ಗಾಯವಾಗಿ ಹೋದರು. ತಂಡ 6–11. "ಎಲ್ಲರೂ ವಾಪಸ್ ಬಂದರೆ" ಅಂತ ಶುರುವಾಗುವ ಊಹೆಯನ್ನು ನವೆಂಬರಿನಲ್ಲಿ ಇಟ್ಟುಕೊಳ್ಳಬೇಡಿ.

ಹೆಜ್ಜೆ 8: ಎಷ್ಟು ಬದಲಿಸಬೇಕು?

ನಾನು ಬಳಸುವುದು ಸರಳ ಸರಾಸರಿ. ಆಗಸ್ಟಿನ ಊಹೆಯ ಗೆಲುವಿನ ಪ್ರಮಾಣ ಒಂದು ಪಾಲು, ಹೆಜ್ಜೆ 5ರ ಸೂತ್ರದ ಪ್ರಮಾಣ ಒಂದು ಪಾಲು. ಎರಡನ್ನೂ ಕೂಡಿ ಅರ್ಧ ಮಾಡಿ. ಉಳಿದ ಪಂದ್ಯಗಳಿಂದ ಗುಣಿಸಿ, ಈಗಾಗಲೇ ಗೆದ್ದದ್ದಕ್ಕೆ ಸೇರಿಸಿ.

ಕಮಾಂಡರ್ಸ್: ಆಗಸ್ಟಿನ 5 ಗೆಲುವು ಅಂದರೆ 0.294. ಒಂಬತ್ತು ಪಂದ್ಯದಲ್ಲಿ 263 ಗಳಿಸಿ 189 ಬಿಟ್ಟಿದ್ದರಿಂದ ಸೂತ್ರ ಕೊಡುವುದು 0.686. ಸರಾಸರಿ 0.49. ಉಳಿದ 8 ಪಂದ್ಯಕ್ಕೆ 3.9. ಕೈಯಲ್ಲಿರುವ 7 ಸೇರಿಸಿದರೆ 10.9. ಆಗಿದ್ದು 12.

ಜೆಟ್ಸ್: ಆಗಸ್ಟಿನದು 0.647. ಗಳಿಸಿದ್ದು 171, ಬಿಟ್ಟದ್ದು 183, ಸೂತ್ರ 0.46. ಸರಾಸರಿ 0.553, ಉಳಿದ 8ಕ್ಕೆ 4.4, ಒಟ್ಟು 7.4. ಆಗಿದ್ದು 5. ಕಾರಣ ನಡೆದೂ ಫಲ ಬರಲಿಲ್ಲ ಅಂತ ಹೆಜ್ಜೆ 4ರಲ್ಲಿ ನೋಡಿದೆವಲ್ಲ, ಇಂಥ ಕಡೆ ಆಗಸ್ಟಿನ ಪಾಲನ್ನು ಅರ್ಧದಿಂದ ಕಾಲಿಗೆ ಇಳಿಸಿ.

ಬೇರ್ಸ್‌ಗೆ ಇದೇ ಲೆಕ್ಕ ಹಾಕಿದರೆ ಮತ್ತೆ 9 ಬರುತ್ತದೆ! ಸೂತ್ರಕ್ಕೆ ಕ್ಯಾಲೆಂಡರ್ ಕಾಣುವುದಿಲ್ಲ. ಹಾಗಾಗಿ ಲೆಕ್ಕ ಮುಗಿದ ಮೇಲೆ ಹೆಜ್ಜೆ 6ರ ಪ್ರಕಾರ ಒಂದೆರಡು ಗೆಲುವು ಕೈಯಿಂದ ಕೂಡಿ, ಕಳೆಯಿರಿ. ಎರಡಕ್ಕಿಂತ ಜಾಸ್ತಿ ಬೇಡ. ಜಾಸ್ತಿ ತಿದ್ದಬೇಕು ಅನಿಸಿದರೆ ಹೋದ ಭಾನುವಾರದ ಒಂದು ಪಂದ್ಯ ನಿಮ್ಮ ತಲೆಯಲ್ಲಿ ಕೂತಿದೆ ಅಂತ ಅರ್ಥ. ಕೊನೆಗೆ ಮತ್ತೆ ಎಲ್ಲ ಕೂಡಿ 272 ಬರುತ್ತದಾ ನೋಡಿ.

ಹೆಜ್ಜೆ 9: ಪ್ಲೇಆಫ್ ಬೇರೆ ಲೆಕ್ಕ

ಗೆಲುವಿನ ಊಹೆ ಸರಿಯಾಗಿದ್ದರೂ ಪ್ಲೇಆಫ್ ಊಹೆ ತಪ್ಪಬಹುದು. ಡಿವಿಷನ್ ಗೆದ್ದವರು ಒಳಗೆ, ಒಂದೊಂದು ಕಡೆ ಉಳಿದ ಮೂರು ಜಾಗಕ್ಕೆ ನೂಕುನುಗ್ಗಲು. 2024ರಲ್ಲಿ ಲಾಸ್ ಏಂಜಲಿಸ್ ರ‍್ಯಾಮ್ಸ್ 1–4ರಿಂದ ಎದ್ದು 10–7 ಮಾಡಿದರು. ಅದೇ ಡಿವಿಷನ್‌ನ ಸಿಯಾಟಲ್ ಸೀಹಾಕ್ಸ್ ಕೂಡ 10–7. ಟೈಬ್ರೇಕರ್‌ನಲ್ಲಿ ರ‍್ಯಾಮ್ಸ್‌ಗೆ ಡಿವಿಷನ್, ಸೀಹಾಕ್ಸ್ ಮನೆಗೆ.

ಸಿನ್ಸಿನಾಟಿ ಬೆಂಗಾಲ್ಸ್ ಕಥೆ ಇನ್ನೂ ಹೊಟ್ಟೆ ಉರಿಸುತ್ತದೆ. ಅರ್ಧ ಸೀಸನ್‌ಗೆ 4–5, ಆದರೆ ಪಾಯಿಂಟ್ ವ್ಯತ್ಯಾಸ ಪ್ಲಸ್ 9. ಐದು ಸೋಲಿನಲ್ಲಿ ನಾಲ್ಕು ಒಂದು ಸ್ಕೋರ್ ಒಳಗಿನವು. "ಇವರು ತಿರುಗಿ ಬರುತ್ತಾರೆ" ಅಂತ ಬರೆದೆ. ಬಂದರು ಕೂಡ, ಆದರೆ ಇನ್ನೂ ಮೂರು ಪಂದ್ಯ ಒಂದೊಂದು ಸ್ಕೋರ್‌ನಲ್ಲಿ ಸೋತು 4–8 ಆದ ಮೇಲೆ. ಕೊನೆಯ ಐದೂ ಗೆದ್ದು 9–8. ಎಎಫ್‌ಸಿಯ ಕೊನೆಯ ಜಾಗ ಸಿಗಬೇಕಾದರೆ ಬ್ರಾಂಕೋಸ್ ಸೋಲಬೇಕಿತ್ತು. ಬ್ರಾಂಕೋಸ್ ಎದುರಿಗಿದ್ದದ್ದು ಮುಖ್ಯ ಆಟಗಾರರನ್ನು ಕೂರಿಸಿದ ಚೀಫ್ಸ್. 38–0.

ಕೆಟ್ಟ ಅದೃಷ್ಟ ತಿರುಗುತ್ತದೆ, ಆದರೆ ಹೋದ ಪಂದ್ಯ ವಾಪಸ್ ಬರುವುದಿಲ್ಲ. ನಮಗಿದು ಚೆನ್ನಾಗಿ ಗೊತ್ತು. ಅದೇ 2024ರಲ್ಲಿ ಆರ್‌ಸಿಬಿ ಮೊದಲ 8ರಲ್ಲಿ 1 ಗೆದ್ದು, ಆಮೇಲೆ ಸಾಲಾಗಿ 6 ಗೆದ್ದು, ಚೆನ್ನೈ ಜೊತೆ ಸಮ ಅಂಕದಲ್ಲಿ ನಿಂತು ನೆಟ್ ರನ್ ರೇಟ್‌ನಲ್ಲಿ ಒಳಗೆ ಹೋಯಿತು. ಆರ್‌ಸಿಬಿ ಬಾಗಿಲು ದಾಟಿತು, ಬೆಂಗಾಲ್ಸ್ ಹೊಸ್ತಿಲಲ್ಲೇ ನಿಂತಿತು. ಎರಡೂ ತಂಡದ ಆಟ ತಿರುಗಿದ್ದು ಒಂದೇ ಥರ. ಆದ್ದರಿಂದ ನವೆಂಬರಿನಲ್ಲಿ ಪ್ಲೇಆಫ್‌ಗೆ ಹೌದು, ಇಲ್ಲ ಅಂತ ಬರೆಯಬೇಡಿ. ಹತ್ತರಲ್ಲಿ ಎಷ್ಟು ಸಲ ಹೋಗುತ್ತಾರೆ ಅಂತ ಬರೆಯಿರಿ. ಬೆಂಗಾಲ್ಸ್‌ಗೆ ನಾಲ್ಕು ಅಂತ ಬರೆದಿದ್ದರೆ ಇವತ್ತಿಗೂ ಆ ಊಹೆ ತಪ್ಪು ಅನ್ನುವಂತಿರಲಿಲ್ಲ.

ಹೆಜ್ಜೆ 10: ಹೊಸ ಹಾಳೆ

ತಿದ್ದಿದ ಊಹೆಗಳನ್ನು ಬೇರೆ ಹಾಳೆಯಲ್ಲಿ, ತಾರೀಕು ಹಾಕಿ, ಈ ಸಲ ಕಾರಣದ ಸಾಲಿನ ಸಮೇತ ಬರೆಯಿರಿ. ಹಳೆಯದಕ್ಕೆ ಪಿನ್ ಮಾಡಿ. ಗೆಳೆಯರಿಗೆ ತೋರಿಸುವಾಗ ತಪ್ಪಾದವನ್ನು ಮೊದಲು ಓದಿ, ಅವರೇ ಓದಿ ನಗುವ ಮುಂಚೆ. 18ನೇ ವಾರ ಮುಗಿದ ಮೇಲೆ ಎರಡೂ ಹಾಳೆ ಪಕ್ಕ ಪಕ್ಕ ಇಟ್ಟು, ನವೆಂಬರಿನ ನೀವು ಆಗಸ್ಟಿನ ನಿಮಗಿಂತ ಎಷ್ಟು ಜಾಣರಾಗಿದ್ದಿರಿ ಅಂತ ಅಳೆಯಿರಿ. ಒಂದು ವರ್ಷ ನನ್ನ ಆಗಸ್ಟಿನ ಹಾಳೆಯೇ ಗೆದ್ದಿತ್ತು. ಅಷ್ಟು ತಿದ್ದಿ ಕೆಡಿಸಿದ್ದೆ.

2024ರಲ್ಲಿ ಅಡುಗೆ ಪಾಳಿ ನನಗೇ ಬಂತು. ಮುಂದಿನ ಲೇಬರ್ ಡೇಗೆ ಬಿಸಿಬೇಳೆಬಾತ್ ಮಾಡಿ ಬಡಿಸಿದೆ. ಮೈಸೂರಿನವನು ಎರಡನೇ ಸಲ ಹಾಕಿಸಿಕೊಳ್ಳುತ್ತಾ, "ಈ ಸಲ ಜೆಟ್ಸ್‌ಗೆ ಎಷ್ಟು ಬರೀತೀಯೋ?" ಅಂತ ಕೇಳಿದ. ಆರು ಅಂತ ಬರೆದೆ. ಪಕ್ಕದಲ್ಲಿ ಕಾರಣವನ್ನೂ ಬರೆದೆ: "ಕ್ವಾರ್ಟರ್‌ಬ್ಯಾಕ್ ಹೊಸಬ, ಕೋಚೂ ಹೊಸಬ." ಅವನು ತನ್ನ ಹಾಳೆಯನ್ನು ಕೈಯಿಂದ ಮುಚ್ಚಿಕೊಂಡ.